ಎಡ ಎಂದು ಬರೆದ ದವಡೆ

ಎಡ ಯಾವುದು, ಬಲ ಯಾವುದು ಎಂದು ನನಗೆ ತಟ್ಟನೆ ಗೊತ್ತಾಗುವುದಿಲ್ಲ. ಚಿಕ್ಕಂದಿನಿಂದ ಹೀಗೇ. ಅಮ್ಮ ಬಟ್ಟೆ ಹೊಲಿಯುವವಳು. ಒಂಬತ್ತನೇ ವಯಸ್ಸಿನಲ್ಲಿ ಅವಳಿಗೆ ಸಹಾಯ ಮಾಡಲು ಹೋಗಿ ಒಂದೇ ಅಂಗಿಗೆ ಎರಡೂ ಎಡ ತೋಳುಗಳನ್ನು ಕತ್ತರಿಸಿಟ್ಟಿದ್ದೆ. ಅಮ್ಮ ಬೈಯಲಿಲ್ಲ. ತನ್ನ ಹಳೆಯ ಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟಿ, "ಗಡಿಯಾರ ಇರೋ ಕೈ ಎಡ. ಇನ್ಮೇಲೆ ಯಾರನ್ನೂ ಕೇಳ್ಬೇಡ, ನೋಡ್ಕೋ" ಎಂದಳು. ಅವತ್ತಿನಿಂದ ನೋಡಿಕೊಂಡೇ ಬಂದಿದ್ದೇನೆ. ಗಡಿಯಾರ ಕೈಯಲ್ಲಿಲ್ಲದೆ ನಾನು ಬರೆದದ್ದು ಒಂದೇ ಒಂದು ಮಧ್ಯಾಹ್ನ.

ನಾನಿರುವುದು ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ, ಮೂಳೆ ಕೋಣೆಯಲ್ಲಿ. ಪ್ರಾಣಿಶಾಸ್ತ್ರದಲ್ಲಿ ಪದವಿ ಮುಗಿಸಿ ಸೇರಿದ್ದು. ಮೇಲೆ, ಜನ ಬಂದು ನೋಡುವ ಅಂತಸ್ತಿನಲ್ಲಿ ಹುಲ್ಲು ತುಂಬಿದ ಪ್ರಾಣಿಗಳಿಗೆ ಗಾಜಿನ ಕಣ್ಣು, ದೀಪ, ಫಲಕ ಎಲ್ಲ ಇದೆ. ಕೆಳಗೆ ಸಾವಿರಾರು ಡ್ರಾಯರುಗಳು, ಎರಡು ಟ್ಯೂಬ್‌ಲೈಟು, ಒಂದು ಸಿಂಕು. ಹಳೆಯ ಮೂಳೆಯನ್ನು ತೊಳೆದು, ಒಡೆದದ್ದನ್ನು ಅಂಟಿಸಿ, ಅದರ ಮೇಲೆ ಸೂಜಿಯಂಥ ನಿಬ್ಬಿನಲ್ಲಿ ನಂಬರು ಬರೆದು ರಿಜಿಸ್ಟರಿಗೆ ಏರಿಸುವುದು ನನ್ನ ಕೆಲಸ. ಮಾತಾಡಬೇಕಾಗಿಲ್ಲದ ಕೆಲಸ. ಮನೆಯಲ್ಲಿ ನನ್ನನ್ನು ಗುಮ್ಮಿ ಎನ್ನುತ್ತಾರೆ, ಗುಮ್ಮನಗುಸುಕಿ ಎಂಬುದರ ಚುಟುಕು. ಇಲ್ಲಿ ಎಲ್ಲರೂ ಮೌನಿ ಎನ್ನುತ್ತಾರೆ. ಹೇಳಲಾಗದ್ದನ್ನೆಲ್ಲ ಡೈರಿಯಲ್ಲಿ ಬರೆಯುತ್ತೇನೆ. ಮೂಳೆಯ ಟಿಪ್ಪಣಿಗೊಂದು, ಮನಸ್ಸಿಗೊಂದು ಎಂದು ಎರಡು ಪುಸ್ತಕ ಇಡುವ ಶಿಸ್ತು ನನಗೆ ಬರಲಿಲ್ಲ. ಎಲ್ಲ ಒಂದರಲ್ಲೇ, ಒಂದರ ಕೆಳಗೊಂದು.

ಕೋಣೆಯ ಮುಖ್ಯಸ್ಥೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಸೇರಿದ ದಿನ ಮೇಡಂ ಎಂದದ್ದಕ್ಕೆ, "ಮೇಡಂ ಅಂದ್ರೆ ನಾನೂ ಒಂದು ಡ್ರಾಯರಲ್ಲಿ ಸೇರ್ಕೊಂಡಂಗೆ ಅನ್ಸುತ್ತೆ ಕಣೇ. ಅಕ್ಕ ಅನ್ನು" ಎಂದಿದ್ದರು. ನಾನು ಸೇರುವಾಗಲೇ ಹದಿನಾಲ್ಕು ವರ್ಷದಿಂದ ಆ ನೆಲಮಾಳಿಗೆಯಲ್ಲಿ ಇದ್ದವರು. ದೊಡ್ಡ ಗಂಟಲು, ದೊಡ್ಡ ನಗು, ಕನ್ನಡಕ ಯಾವಾಗಲೂ ತಲೆಯ ಮೇಲೆ. ಅದನ್ನೇ ಹುಡುಕುತ್ತಾ ಕೋಣೆಯೆಲ್ಲ ಸುತ್ತುತ್ತಿದ್ದರು. ನನಗೆ ಒಡಹುಟ್ಟಿದವರಿಲ್ಲ. ಅಕ್ಕ ಎಂಬ ಮಾತನ್ನು ಬಾಯಿತುಂಬ ಅಂದದ್ದು ಅವರನ್ನೇ.

ನಾಯಿಗಳ ವಂಶವನ್ನು ಓದುವುದನ್ನು ಕಲಿಸಿದವರೂ ಅವರೇ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಒಂದು ಹಳೆಯ ನಕ್ಷೆಯಿದೆ. ನಾಯಿಕುಲದ ಬುಡದಿಂದ ಮೂರು ದೊಡ್ಡ ಕೊಂಬೆಗಳು. ಒಂದರಲ್ಲಿ ಮರ ಹತ್ತಬಲ್ಲ ಸಣ್ಣ ಮೈಯ ಹಿರಿಯರು, ಇನ್ನೊಂದರಲ್ಲಿ ಮೂಳೆಯನ್ನೇ ಪುಡಿ ಮಾಡಿ ತಿನ್ನುತ್ತಿದ್ದ ದಪ್ಪ ದವಡೆಯವು. ಆ ಎರಡೂ ಕೊಂಬೆ ಅರ್ಧದಲ್ಲೇ ನಿಂತುಹೋಗಿವೆ. ತೋಳ, ನರಿ, ಸೀಳುನಾಯಿ, ನಮ್ಮ ಬೀದಿಯಲ್ಲಿ ಮಲಗುವ ನಾಯಿ, ಎಲ್ಲವೂ ಉಳಿದ ಮೂರನೆಯದರ ಮಕ್ಕಳು. ಮೊದಲ ವಾರ ಅಕ್ಕ ನನ್ನನ್ನು ಆ ನಕ್ಷೆಯ ಮುಂದೆ ನಿಲ್ಲಿಸಿ ಕೇಳಿದರು:

"ಇಬ್ಬರು ನೆಂಟರು ಅಂತ ಹೆಂಗೆ ಹೇಳ್ತೀಯಾ?"

"ಒಂದೇ ಥರ ಇದ್ರೆ," ಎಂದೆ.

"ತಪ್ಪು. ನಾಲ್ಕು ಕಾಲು ಎಲ್ಲರಿಗೂ ಇದೆ, ಅದು ಹಳೇ ಆಸ್ತಿ. ಇವರಿಬ್ಬರಲ್ಲಿ ಮಾತ್ರ ಹೊಸದಾಗಿ ಬಂದಿರೋದು ಏನು, ಅದನ್ನ ಹುಡುಕು." ಆಮೇಲೆ ಕೆಳದವಡೆಯ ಮೂರು ಅಚ್ಚುಗಳನ್ನು ನನ್ನ ಮುಂದಿಟ್ಟರು. ನಾಯಿಗಳ ಕೆಳದವಡೆಯಲ್ಲಿ ಮಾಂಸ ಕತ್ತರಿಸಲೆಂದೇ ಒಂದು ದೊಡ್ಡ ಹಲ್ಲಿದೆ, ನಾವು ಅದನ್ನು ಕತ್ತರಿಹಲ್ಲು ಎನ್ನುತ್ತೇವೆ. ಅದರ ಹಿಂಭಾಗ ಹಿಮ್ಮಡಿ. ತೋಳಕ್ಕೂ ನರಿಗೂ ಹಿಮ್ಮಡಿಯ ಮೇಲೆ ಎರಡು ಮೊನೆ, ನಡುವೆ ತಟ್ಟೆಯಂಥ ತಗ್ಗು. ಅಚ್ಚಿನಲ್ಲಿದ್ದ ಮೂರಕ್ಕೂ ಒಂದೇ ಮೊನೆ, ಚಾಕುವಿನ ಹಾಗೆ. "ಒಂದು ಸೀಳುನಾಯಿ, ಒಂದು ಬೇರೆ ಖಂಡದ ಚುಕ್ಕೆ ಮೈಯ ಕಾಡುನಾಯಿ, ಇನ್ನೊಂದು ಮತ್ತೊಂದು ಖಂಡದ ಮೋಟುಗಾಲಿನ ಪೊದೆನಾಯಿ. ಈ ಮೊನೆ ನೋಡಿ ದೊಡ್ಡ ದೊಡ್ಡವರೆಲ್ಲ ಮೂರನ್ನೂ ಒಂದೇ ಮನೆತನ ಅಂತ ಬರೆದುಬಿಟ್ಟಿದ್ರು. ಸುಳ್ಳು. ಬರೀ ಮಾಂಸ ತಿಂದು ಬದುಕೋಕೆ ಅದು ಬೇಕು, ಅದಕ್ಕೆ ಮೂರು ಕಡೆ ತಾನಾಗೇ ಹುಟ್ಕೊಂಡಿದೆ."

"ಹಂಗಾದ್ರೆ ಯಾವುದನ್ನ ನಂಬೋದು?"

ನಾನು ಅಷ್ಟು ಉದ್ದದ ಪ್ರಶ್ನೆ ಕೇಳಿದ್ದು ಅವರಿಗೆ ಖುಷಿಯಾಯಿತು. "ಉಪಯೋಗಕ್ಕೆ ಬರೋದು ಎರಡು ಸಲ ಹುಟ್ಟಬಹುದು. ಯಾವ ಉಪಯೋಗಕ್ಕೂ ಬಾರದ್ದು ಇಬ್ಬರಲ್ಲೂ ಇದ್ಯಾ? ಅಲ್ಲಿ ಹಿಡ್ಕೋ. ಅದು ಒಂದೇ ತಾಯಿಯಿಂದ ಬಂದಿರುತ್ತೆ."

ಆ ಸಂಜೆ ಡೈರಿಯಲ್ಲಿ ಈ ಮಾತನ್ನು ಬರೆದು ಕೆಳಗೆರಡು ಗೆರೆ ಎಳೆದಿದ್ದೆ.

ಎರಡನೇ ವರ್ಷದ ಕೊನೆಯಲ್ಲಿ ನನಗೆ ಆ ದವಡೆ ಸಿಕ್ಕಿತು. ಎಂದೋ ಯಾರೋ ಗುಹೆಯೊಂದರಿಂದ ಅಗೆದು ತಂದ ಮೂಳೆಗಳ ಡ್ರಾಯರು. ಚೀಟಿಯಲ್ಲಿ ನರಿ ಎಂದಿತ್ತು. ಮೇಲೆ ಸುಣ್ಣದ ಗಟ್ಟಿ ಪದರ. ಅದನ್ನು ಕರಗಿಸುವ ದ್ರಾವಣ ತಾಗಿದರೆ ಹಾಳಾಗುತ್ತದೆಂದು ಗಡಿಯಾರ ಬಿಚ್ಚಿ ಸಿಂಕಿನ ಪಕ್ಕದಲ್ಲಿಟ್ಟೆ. ಕುಂಚದಿಂದ ಉಜ್ಜುತ್ತಾ ಹೋದಂತೆ ಕತ್ತರಿಹಲ್ಲಿನ ಹಿಮ್ಮಡಿ ಮೇಲೆದ್ದು ಬಂತು. ಎರಡು ಮೊನೆ ಇರಬೇಕಾದಲ್ಲಿ ಒಂದೇ. ಸವೆದು ಒಂದಾದದ್ದಲ್ಲ, ಹುಟ್ಟಾ ಒಂದು. ನರಿಯಲ್ಲ, ಸೀಳುನಾಯಿ ಎಂದುಕೊಂಡೆ. ಆದರೆ ಸೀಳುನಾಯಿಗೆ ಕತ್ತರಿಹಲ್ಲಿನ ಹಿಂದೆ ಒಂದೇ ಹಲ್ಲು ಇರಬೇಕು. ಬೇರೆ ನಾಯಿಗಳಿಗಿರುವ ಕೊನೆಯ ಪುಟ್ಟ ಹಲ್ಲನ್ನು ಅದು ಕಳೆದುಕೊಂಡು ಎಷ್ಟೋ ಕಾಲವಾಯಿತು. ಇಲ್ಲಿ, ದವಡೆಯ ಕೊನೆಯಲ್ಲಿ, ಅಂಗಿ ಗುಂಡಿಯ ತೂತಿನಷ್ಟು ಒಂದು ಗುಳಿ. ಕಳೆದುಕೊಳ್ಳುತ್ತಿದ್ದ, ಇನ್ನೂ ಪೂರ್ತಿ ಕಳೆದುಕೊಂಡಿರದ ಹಲ್ಲಿನ ಗುಳಿ. ಸೀಳುನಾಯಿ ಸೀಳುನಾಯಿಯಾಗುತ್ತಿದ್ದ ಹೊತ್ತಿನ ಯಾವುದೋ ಪ್ರಾಣಿ ನನ್ನ ಅಂಗೈಯಲ್ಲಿತ್ತು.

ಹಸಿ ಕೈಯಲ್ಲೇ ಡೈರಿ ತೆರೆದು ಬರೆದೆ. ದವಡೆಯನ್ನು ಹಿಡಿದು ನೋಡಿ 'ಎಡ ಕೆಳದವಡೆ' ಎಂದು ಶುರುಮಾಡಿ ಎರಡೂವರೆ ಪುಟ ಬರೆದೆ. ಅಳತೆ, ಗುಳಿಯ ಆಳ, ಯಾವ ಯಾವ ನಾಯಿಗೆ ಹೋಲಿಸಬೇಕು, ಯಾಕೆ ಇದು ನರಿಯಲ್ಲ. ಕೊನೆಗೆ ಒಂದು ಸಾಲು ನನಗಾಗಿ.

ಅಕ್ಕ ಬಂದಾಗ ಬಾಯಲ್ಲಿ ಹೇಳಹೋಗಲಿಲ್ಲ. ಡೈರಿಯನ್ನೇ ಅವರ ಮುಂದೆ ತಿರುಗಿಸಿಟ್ಟೆ. ಅವರು ತಲೆಯ ಮೇಲಿನ ಕನ್ನಡಕ ಇಳಿಸಿಕೊಂಡು ನಿಂತಲ್ಲೇ ಓದಿದರು. ಓದಿ ನನ್ನ ಕೆನ್ನೆ ಹಿಂಡಿದರು.

"ಕಳ್ಳಿ! ಎಷ್ಟು ದಿನದಿಂದ ಇದನ್ನೆಲ್ಲ ಹೊಟ್ಟೆಯಲ್ಲಿ ಇಟ್ಕೊಂಡಿದ್ದೆ?"

"ಇವತ್ತೇ, ಅಕ್ಕ."

"ಇಬ್ಬರೂ ಸೇರಿ ಬರೆಯೋಣ. ನಿನ್ನ ಹೆಸರು, ನನ್ನ ಹೆಸರು. ಇದನ್ನ ಒಂದು ವಾರ ನನ್ನ ಹತ್ರ ಬಿಡು, ನಿಧಾನವಾಗಿ ಓದ್ತೀನಿ."

ಡೈರಿಯಲ್ಲಿ ಬೇರೆ ಏನೇನೋ ಇತ್ತು. ಅಮ್ಮನ ಮೇಲಿನ ಸಿಟ್ಟು, ಬಸ್ಸಿನಲ್ಲಿ ದಿನಾ ಕಾಣುವ ಒಬ್ಬನ ಬಗ್ಗೆ ಪೆದ್ದುಪೆದ್ದಾಗಿ ಬರೆದದ್ದು. ಆದರೂ ಕೊಟ್ಟೆ. ಅಕ್ಕನಲ್ಲವೇ.

ಮಾರನೇ ದಿನ ಗಡಿಯಾರ ಕಟ್ಟಿಕೊಂಡು ನಂಬರು ಬರೆಯಲು ಕೂತಾಗ ಗೊತ್ತಾಯಿತು. ನಿನ್ನೆ ನೋಡಿಕೊಳ್ಳಲು ಗಡಿಯಾರವಿಲ್ಲದೆ ಬಲವನ್ನೇ ಎಡವೆಂದು ಬರೆದಿದ್ದೆ. ಅದು ಬಲ ದವಡೆ. ಚೀಟಿಯಲ್ಲಿ, ರಿಜಿಸ್ಟರಿನಲ್ಲಿ ಸರಿಯಾಗಿ 'ಬಲ' ಎಂದೇ ಬರೆದೆ. ಡೈರಿ ಕೈಯಲ್ಲಿರಲಿಲ್ಲ. ಎಂಟು ದಿನದ ಮೇಲೆ ಅದು ಮರಳಿ ಬಂದಾಗ ಆ ಪುಟದ ಮೂಲೆ ಮಡಚಿತ್ತು. ತಿದ್ದುವುದು ಮರೆತೇಹೋಯಿತು.

ಆಮೇಲೆ ಕೇಳಿದಾಗಲೆಲ್ಲ ಅಕ್ಕ, "ಆಗುತ್ತೆ ಆಗುತ್ತೆ, ಹೋಲಿಕೆಗೆ ಇನ್ನೂ ದವಡೆ ನೋಡ್ಬೇಕು" ಎನ್ನುತ್ತಿದ್ದರು. ನಾನು ಕೇಳಿದ್ದು ಎರಡೇ ಸಲ. ಹನ್ನೊಂದು ತಿಂಗಳು ಹೋಯಿತು.

ಸುದ್ದಿ ತಂದದ್ದು ಸಂಗ್ರಹಾಲಯದ ಫೋಟೋಗ್ರಾಫರ್. ಎಲ್ಲರ ಪಾಲಿಗೆ ಅವರು ಫೋಟೋದಣ್ಣ. ಒಂದು ಬೆಳಿಗ್ಗೆ ಮೆಟ್ಟಿಲು ದಡದಡ ಇಳಿದು ಬಂದರು, ಕೈಯಲ್ಲಿ ಪ್ರಾಣಿಶಾಸ್ತ್ರ ಪತ್ರಿಕೆಯ ಹೊಸ ಸಂಚಿಕೆ.

"ಮೌನೀ! ನಾಯಿಯಾಗಿಬಿಟ್ಟೆಯಲ್ಲಮ್ಮಾ! ಪಾರ್ಟಿ ಯಾವಾಗ?"

ಅಕ್ಕನ ಲೇಖನ. ಸೀಳುನಾಯಿ ಕುಲದ ಅಳಿದುಹೋದ ಹೊಸ ಪ್ರಭೇದ. ಹೆಸರು ಕ್ಯುವಾನ್ ಟಾಸಿಟೇ. ಲ್ಯಾಟಿನ್ನಿನಲ್ಲಿ ಹಾಗೆಂದರೆ 'ಮೌನಿಯ' ಎಂದರ್ಥ. ಹೆಸರಿನ ವಿವರಣೆಯಲ್ಲಿ ಒಂದು ಸಾಲು: ಈ ದವಡೆಯನ್ನು ತಾಳ್ಮೆಯಿಂದ ಶುಚಿಗೊಳಿಸಿದ ಮೌನಿ ಸಹಾಯಕಿಯ ಗೌರವಾರ್ಥ. ಲೇಖಕರ ಜಾಗದಲ್ಲಿ ಒಂದೇ ಹೆಸರು.

ನಮ್ಮ ಶಾಸ್ತ್ರದಲ್ಲಿ ಯಾರೂ ಪ್ರಾಣಿಗೆ ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವುದಿಲ್ಲ. ಅದು ಮರ್ಯಾದೆಯ ಪ್ರಶ್ನೆ. ಹಾಗಾಗಿ ನನ್ನ ಹೆಸರಿಟ್ಟ ಮೇಲೆ ನಾನೇಕೆ ಲೇಖಕಿಯಲ್ಲ ಎಂದು ಯಾರೂ ಕೇಳುವಂತಿರಲಿಲ್ಲ. ಬಾಗಿಲು ಹಾಕಿ, ಅದಕ್ಕೊಂದು ಹಾರ ಹಾಕಿದ್ದರು.

ಮನೆಯಲ್ಲಿ ಸಂಭ್ರಮ. ಅಮ್ಮ ಸಂಚಿಕೆಯನ್ನು ಹೊಲಿಗೆ ಯಂತ್ರದ ಮೇಲಿಟ್ಟು ಬಂದವರಿಗೆಲ್ಲ ತೋರಿಸಿದಳು. ನಮ್ಮ ಜೊತೆಯಲ್ಲೇ ಇರುವ ಚಿಕ್ಕಮ್ಮ ಕನ್ನಡಕ ಏರಿಸಿ ದವಡೆಯ ಚಿತ್ರ ನೋಡಿದಳು.

"ನಮ್ಮ ಗುಮ್ಮಿ ಹೆಸರನ್ನ ಇಡೋಕೆ ಇವರಿಗೆ ನಾಯಿಯೇ ಬೇಕಿತ್ತಾ? ಒಂದು ಚಿಟ್ಟೆ ಇರ್ಲಿಲ್ವಾ?"

"ಸುಮ್ನಿರೇ, ಅದು ಗೌರವ," ಎಂದಳು ಅಮ್ಮ.

"ಬದುಕಿರೋ ನಾಯಿಯೂ ಅಲ್ಲ. ಸತ್ತು ಎಷ್ಟಾಯ್ತೇ?"

"ನಾಲ್ಕು ಲಕ್ಷ ವರ್ಷ," ಎಂದೆ.

"ಹಂಗಾದ್ರೆ ಹಿರಿಯರೇ ಬಿಡು. ಸತ್ತಿದೆ ಅನ್ಬಾರ್ದು, ತೀರ್ಕೊಂಡಿದ್ದಾರೆ ಅನ್ನೋಣ."

ಅಮ್ಮ ನಗುತ್ತಾ ನಗುತ್ತಾ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಯಾಕೆ, ನಿನಗೆ ಇಷ್ಟ ಆಗ್ಲಿಲ್ವಾ?"

ನಾನು ತಲೆನೋವು ಎಂದು ಒಳಗೆ ಹೋಗಿ ಲೇಖನ ಓದಲು ಕೂತೆ. ಮೊದಲ ಪುಟ ಮುಗಿಯುವಷ್ಟರಲ್ಲಿ ಡೈರಿ ತೆಗೆದು ಪಕ್ಕದಲ್ಲಿಟ್ಟುಕೊಂಡೆ. ವಾಕ್ಯಗಳು ಉಡುಪು ಬದಲಿಸಿದ್ದವು, ನಡಿಗೆ ನನ್ನದೇ. ಗುಳಿ ಮೊದಲು, ಹಿಮ್ಮಡಿ ಆಮೇಲೆ. ನರಿಯಲ್ಲ ಎನ್ನಲು ನಾನು ಕೊಟ್ಟ ನಾಲ್ಕು ಕಾರಣ, ಅದೇ ಸರದಿಯಲ್ಲಿ. ಆದರೆ ಇದನ್ನು ಯಾರಿಗೆ ತೋರಿಸಲಿ? ಒಂದೇ ಮೂಳೆಯನ್ನು ಇಬ್ಬರು ನೋಡಿದರೆ ಒಂದೇ ಕಾರಣ ಹೊಳೆಯಬಹುದು, ಹದಿನೇಳು ವರ್ಷ ನೋಡಿದವರಿಗೆ ನನಗಿಂತ ಮೊದಲೇ ಹೊಳೆಯಬಹುದು. ಎರಡನೇ ಸಲ ಓದುವಾಗ ಆ ಮಾತು ಕಣ್ಣಿಗೆ ಬಿತ್ತು. ಎಡ ಕೆಳದವಡೆ.

ಎದ್ದು ಗಡಿಯಾರ ನೋಡಿಕೊಂಡೆ. ಲೇಖನದಲ್ಲಿ ಆರು ಕಡೆ ಎಡ.

ಮರುದಿನ ಬೆಳಿಗ್ಗೆ ಮೊದಲು ಫೋಟೋದಣ್ಣನ ಕೋಣೆಗೆ ಹೋದೆ. ನಾನಾಗಿ ಅಲ್ಲಿಗೆ ಹೋದದ್ದು ಅದೇ ಮೊದಲು.

"ದವಡೆಯ ಫೋಟೋ ತೆಗೆಯುವಾಗ ಅಕ್ಕ ಇದ್ರಾ?"

"ಇಲ್ಲಪ್ಪ. ನೀನು ರಜೆಯಲ್ಲಿದ್ದ ದಿನ ಟ್ರೇ ತಂದಿದ್ದೆ. ಅವರು ಫೋನಲ್ಲೇ ಹೇಳಿದ್ರು, ಹಲ್ಲು ಚೆನ್ನಾಗಿ ಬರ್ಲಿ ಅಂತ. ನಾನೇ ಒಳಮಗ್ಗುಲು ಮೇಲಿಟ್ಟು ತೆಗೆದೆ. ಯಾಕೆ, ಬೆಳಕು ಸರಿ ಇಲ್ವಾ?"

"ಬೆಳಕು ಚೆನ್ನಾಗಿದೆ," ಎಂದೆ. ಒಳಮಗ್ಗುಲಿನಿಂದ ನೋಡಿದರೆ ಬಲ ದವಡೆಯೂ ಎಡದ್ದರ ಹೊರಮಗ್ಗುಲಿನಂತೆಯೇ ಕಾಣುತ್ತದೆ. ಅಕ್ಕ ಚಿತ್ರ ನೋಡಿ ನೆಮ್ಮದಿಯಾಗಿದ್ದರು. ರಿಜಿಸ್ಟರು ನೋಡಿರಲಿಲ್ಲ, ಡ್ರಾಯರು ಎಳೆದು ಮೂಳೆಯನ್ನು ಕೈಗೆ ತೆಗೆದುಕೊಂಡಿರಲೇ ಇಲ್ಲ. ತೆಗೆದುಕೊಂಡಿದ್ದರೆ ನಾನು ನೋಡಿರುತ್ತಿದ್ದೆ.

ಮೂಳೆ ಕೋಣೆಯಲ್ಲಿ ಅಕ್ಕ ಕನ್ನಡಕ ಹುಡುಕುತ್ತಿದ್ದರು. ನನ್ನನ್ನು ನೋಡಿ ಕೈಚಾಚಿದರು. "ಬಾರೇ ಟಾಸಿಟಾ! ಅಮ್ಮ ಏನಂದ್ರು?"

"ತಲೆ ಮೇಲಿದೆ," ಎಂದೆ.

"ಏನು?"

"ಕನ್ನಡಕ." ಆಮೇಲೆ, ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದೆ: "ಅಕ್ಕ, ಲೇಖನ ನನ್ನ ಡೈರಿಯದು."

ಅವರು ನಕ್ಕರು. ಕೆನ್ನೆ ಹಿಂಡಲು ಬಂದ ಕೈ ಅರ್ಧಕ್ಕೆ ನಿಂತಿತು. "ಅಯ್ಯೋ ಹುಚ್ಚಿ. ಆ ಗುಹೆಯ ಮೂಳೆಗಳು ನನ್ನ ತಲೆಯಲ್ಲಿ ಎಷ್ಟು ವರ್ಷದಿಂದ ಇವೆ ಗೊತ್ತಾ? ನಿನಗೂ ಹೊಳೀತು, ನನಗೂ ಹೊಳೀತು. ಹಿಮ್ಮಡಿ ಕಥೆ ಹೇಳಿಕೊಟ್ಟಿದ್ದೆನಲ್ಲ? ಮೂರು ಖಂಡ, ಮೂರು ನಾಯಿ, ಒಂದೇ ಮೊನೆ. ಯಾರು ಯಾರದ್ದನ್ನ ಕದ್ದರು ಹೇಳು ನೋಡೋಣ."

ನಾನು ಡ್ರಾಯರು ಎಳೆದು ದವಡೆಯನ್ನು ಅವರ ಅಂಗೈ ಮೇಲಿಟ್ಟೆ. "ಇದು ಎಡಾನಾ, ಬಲಾನಾ?"

ಅವರು ಹಲ್ಲು ಮೇಲೆ ಮಾಡಿ ಹಿಡಿದರು. ಹೊರಮಗ್ಗುಲು ತಿರುಗಿಸಿದರು. ಹದಿನೇಳು ವರ್ಷದ ಕೈ, ಒಂದು ಕ್ಷಣ ಸಾಕು.

"ಬಲ," ಎಂದರು.

"ನೀವು ಎಡ ಅಂತ ಬರೆದಿದ್ದೀರಾ."

"ಅಚ್ಚಿನ ತಪ್ಪು."

"ಆರು ಕಡೆ ಇದೆ, ಅಕ್ಕ. ನನ್ನ ಡೈರಿಯಲ್ಲೂ ಎಡ ಅಂತಲೇ ಇದೆ. ಅವತ್ತು ಗಡಿಯಾರ ಸಿಂಕಿನ ಹತ್ರ ಇತ್ತು. ಈ ತಪ್ಪು ನನಗೆ ಬಿಟ್ಟು ಯಾರಿಗೂ ಬರಲ್ಲ. ಉಪಯೋಗಕ್ಕೆ ಬಾರದ್ದು ಇಬ್ಬರಲ್ಲೂ ಇದ್ರೆ..."

"ನಾನು ಕಲಿಸಿದ್ದನ್ನ ನನಗೇ ತಿರುಗಿಸ್ತೀಯಾ?" ಧ್ವನಿ ಏರಿತು, ಹಾಗೆಯೇ ಇಳಿಯಿತು. "ಎಷ್ಟು ಮಾತಾಡ್ತೀಯಲ್ಲೇ ನೀನು."

ಅವರು ಸ್ಟೂಲಿನ ಮೇಲೆ ಕೂತರು. ದವಡೆ ಇನ್ನೂ ಕೈಯಲ್ಲೇ. "ಹದಿನೇಳು ವರ್ಷ. ಒಂದು ಇಲಿಗೂ ಹೆಸರಿಟ್ಟಿಲ್ಲ ನಾನು. ಬಂದವರಿಗೆಲ್ಲ ಡ್ರಾಯರು ಎಳೆದುಕೊಟ್ಟೆ, ಅವರು ಹೆಸರಿಟ್ಟುಕೊಂಡು ಹೋದ್ರು. ನಿನಗೆ ಇನ್ನೂ ಎಷ್ಟು ವರ್ಷ ಇದೆ, ಎಷ್ಟು ದವಡೆ ಸಿಗುತ್ತೆ. ನಿನ್ನ ಹೆಸರನ್ನೇ ಇಟ್ಟೆನಲ್ಲ. ಅದು ಸಾಲಲಿಲ್ವಾ?"

ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ. ಅದೇ ನನ್ನನ್ನು ಹೆಚ್ಚು ಸುಟ್ಟಿದ್ದು. ಸಿಂಕಿನ ಪಕ್ಕ ನಿಂತು, ಪುಟ್ಟಿ, ಇದು ನನಗೆ ಬೇಕು ಎಂದಿದ್ದರೆ ತಲೆಯಾಡಿಸುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು. ಆದರೂ ಕೇಳಲಿಲ್ಲ, ಯಾಕೆಂದರೆ ಮೌನಿಯನ್ನು ಕೇಳುವ ಅಗತ್ಯವೇನಿದೆ? ಭೀಕರ ತೋಳ ಎಂಬ ಅಳಿದ ಪ್ರಾಣಿಯೊಂದಿದೆ. ಮೈಕಟ್ಟು, ತಲೆಬುರುಡೆ ಎಲ್ಲ ತೋಳದ್ದೇ. ನೂರೈವತ್ತಕ್ಕೂ ಹೆಚ್ಚು ವರ್ಷ ಅದನ್ನು ತೋಳದ ಒಡಹುಟ್ಟು ಎಂದೇ ಬರೆದರು. ಮೂಳೆಯೊಳಗಿನ ಡಿಎನ್‌ಎ ತೆಗೆದು ನೋಡಿದರೆ ಲಕ್ಷಾಂತರ ವರ್ಷ ಹಿಂದೆಯೇ ದಾರಿ ಬೇರೆಯಾದ ಯಾರೋ. ಅಕ್ಕ ಎಂದು ಚೀಟಿ ಬರೆದು ಅಂಟಿಸಿದವಳು ನಾನೇ.

"ಎರಡು ದಿನ ಕೊಡು," ಎಂದರು ಅಕ್ಕ, ಕೆಲಸದ ಧ್ವನಿಯಲ್ಲಿ. "ತಿದ್ದುಪಡಿ ನಾನೇ ಕಳಿಸ್ತೀನಿ. ಎಡ ಅಲ್ಲ ಬಲ, ಅಚ್ಚಿನ ತಪ್ಪು ಅಂತ. ನೀನು ಸುಮ್ನಿದ್ರೆ ಸಾಕು. ಅದು ನಿನಗೇನು ಕಷ್ಟ ಅಲ್ವಲ್ಲ."

ದವಡೆಯನ್ನು ಟ್ರೇಯಲ್ಲಿಟ್ಟು ಮೇಲೆ ಹೋದರು. ಮೆಟ್ಟಿಲ ತುದಿಯಲ್ಲಿ ಯಾರದ್ದೋ ಜೊತೆ ನಗುವುದು ಕೇಳಿಸಿತು, ಎಂದಿನಂತೆ ದೊಡ್ಡದಾಗಿ.

ಅಚ್ಚಿನ ತಪ್ಪು ಎಂದಾಗಿಬಿಟ್ಟರೆ ಅದು ಯಾರ ತಪ್ಪೂ ಅಲ್ಲ. ಆ ಮೂಳೆಯ ಮೇಲೆ ನಾನಿದ್ದೆ ಎಂಬುದಕ್ಕೆ ಉಳಿದಿದ್ದ ಒಂದೇ ಗುರುತು ಆ ಎರಡಕ್ಷರ. ಕೂತು ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದೆ. ಏಳೆಂಟು ಸಲ ಹರಿದ ಮೇಲೆ ಇಷ್ಟು ಉಳಿಯಿತು:

'ಕಳೆದ ಸಂಚಿಕೆಯಲ್ಲಿ ವಿವರಿಸಲಾದ ದವಡೆ ಎಡದ್ದಲ್ಲ, ಬಲದ್ದು. ಇದು ಅಚ್ಚಿನ ತಪ್ಪಲ್ಲ, ಲೇಖಕಿಯ ತಪ್ಪೂ ಅಲ್ಲ. ಈ ತಪ್ಪು ನನ್ನದು. ದವಡೆಯನ್ನು ನಾನು ಮೊದಲು ಗುರುತಿಸಿದ ದಿನ ನನ್ನ ಡೈರಿಯಲ್ಲಿ ಹಾಗೆ ಬರೆದೆ. ಪುಟಗಳ ಚಿತ್ರ ಜೊತೆಗಿದೆ.'

ಕೆಳಗೆ ಮೌನಿ ಎಂದಲ್ಲ, ನನ್ನ ಪೂರ್ತಿ ಹೆಸರು ಬರೆದೆ. ಬರೆದ ಮೇಲೆ ಅದನ್ನೇ ನೋಡುತ್ತಾ ಕೂತಿದ್ದೆ, ಬೇರೆ ಯಾರದ್ದೋ ಹೆಸರಿನಂತೆ.

ಮಧ್ಯಾಹ್ನ ಡೈರಿ ಹಿಡಿದು ಫೋಟೋದಣ್ಣನ ಬಳಿಗೆ ಹೋದೆ. ಎರಡು ಪುಟ ಸುಮ್ಮನೆ ತೆಗೆದರು. ಮೂರನೆಯದರ ಮೇಲೆ ಲೆನ್ಸ್ ಸರಿಮಾಡುತ್ತಾ ನಿಂತುಬಿಟ್ಟರು. ಓದಬಾರದ್ದನ್ನು ಓದಿಬಿಟ್ಟವರ ಮುಖ. ಅವರು ತಮಾಷೆ ಮಾಡದೆ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ.

"ಈ ಕೊನೇ ಸಾಲು ಬೇಕೇನಮ್ಮಾ? ಕಟ್ ಮಾಡಿಬಿಡ್ಲಾ?"

ನಾನೂ ಬಗ್ಗಿ ನೋಡಿದೆ. ಅಳತೆಗಳ ಕೆಳಗೆ, ಹಸಿ ಕೈಯ ಕಲೆಯ ಪಕ್ಕದಲ್ಲಿ, ನನಗಾಗಿ ಬರೆದುಕೊಂಡಿದ್ದ ಸಾಲು: 'ಮೊದಲು ಅಕ್ಕನಿಗೇ ತೋರಿಸಬೇಕು, ಅವರಿಗಿಂತ ಮುಂಚೆ ಯಾರಿಗೂ ಬೇಡ.' ಅಕ್ಕ ಇದನ್ನೂ ಓದಿದ್ದರು. ಓದಿಯೇ ಮೂಲೆ ಮಡಚಿದ್ದರು.

"ಬೇಡ. ಪುಟ ಪೂರ್ತಿ ಇರ್ಲಿ," ಎಂದೆ.

ಫೋಟೋದಣ್ಣ ದೀಪ ಹಾಕಿದರು. "ಡೈರೀನ ಸ್ವಲ್ಪ ಎಡಕ್ಕೆ ಸರಿಸು."

ನಾನು ಗಡಿಯಾರ ನೋಡಿಕೊಂಡು ಸರಿಸಿದೆ.